ಹಳೇ ಸ್ವಿಚ್ಚೋ, ಹೊಸ ಸ್ವಿಚ್ಚೋ? ನಮ್ಮ ಜಿಲ್ಲೆಯವರು ಕೊಳ್ಳುವ ಮುಂಚೆ ನೋಡಬೇಕಾದ್ದು

ಹೋದ ಮಳೆಗಾಲದಲ್ಲಿ ಶಿರಸಿಯಿಂದ ಅಕ್ಕ ಫೋನ್ ಮಾಡಿದಳು. "ಮಾಣಿ ಸ್ವಿಚ್ ಹಾಳಾತು, ಎಂತ ಮಾಡವು?" ಅಕ್ಕನ ಪಕ್ಕದಲ್ಲಿ ಕೂತಿದ್ದ ಆಯಿಗೆ ಅಷ್ಟು ಕೇಳಿದ್ದೇ ಸಾಕಾಯಿತು. ಊರಿನ ಎಲೆಕ್ಟ್ರಿಷಿಯನ್‌ಗೆ ಹೇಳಿ ಕಳಿಸಿಬಿಟ್ಟಳು. ಪಾಪ, ಅವನು ಮಳೆಯಲ್ಲಿ ತೋಯ್ದು ಬಂದು, ಟೆಸ್ಟರ್ ಹಿಡಿದು, ಯಾವ ಸ್ವಿಚ್ ಎಂದು ಗೋಡೆ ಗೋಡೆ ನೋಡಿದನಂತೆ.

ಹಾಳಾಗಿದ್ದು ನಿಂಟೆಂಡೊ ಸ್ವಿಚ್. ಕೈಯಲ್ಲಿ ಹಿಡಿದು ಆಡುವ ಗೇಮ್. ನಾನೇ ಆಡಿ ಬಿಟ್ಟ ಹಳೆಯದನ್ನು ಅಳಿಯನಿಗೆ ಕೊಟ್ಟಿದ್ದೆ. ಅದು ಕೈಕೊಟ್ಟ ಮೇಲೆ ಅವನದು ಒಂದೇ ಹಟ: "ಮಾವ, ಯಂಗೆ ಹೊಸದೇ ಬೇಕು." ಹೊಸದು ಎಂದರೆ ಯಾವುದು ಎಂದು ಕೇಳಿದರೆ ಅವನಿಗೂ ಸರಿಯಾಗಿ ಗೊತ್ತಿಲ್ಲ. ಅಂಗಡಿಯವರಲ್ಲೂ ಎಷ್ಟೋ ಜನರಿಗೆ ಗೊತ್ತಿಲ್ಲ. ಒಂದೇ ಹೆಸರಿನಲ್ಲಿ ಐದು ಬಗೆ ಬಂದಿವೆ. ನಮ್ಮ ದೇಶದಲ್ಲಿ ನಿಂಟೆಂಡೊ ಕಂಪನಿಯ ಅಧಿಕೃತ ಅಂಗಡಿಯಾಗಲಿ ಸರ್ವಿಸ್ ಸೆಂಟರ್ ಆಗಲಿ ಇಲ್ಲದ ಕಾರಣ ಐದೂ ಬಗೆಯವು ದುಬೈ ಚೀಲದಲ್ಲೋ ಗೋವಾದ ಅಂಗಡಿಯಲ್ಲೋ ಕಲಸಿಕೊಂಡು ಸಿಗುತ್ತವೆ. ಅಳಿಯನಿಗಾಗಿ ಎರಡು ವಾರ ತಲೆ ಕೆಡಿಸಿಕೊಂಡಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಐದರ ಗುರುತು ಹಿಡಿಯಿರಿ

ಮೊದಲನೆಯದು 2017ರ ಮಾರ್ಚ್ 3ರಂದು ಬಂತು. 6.2 ಇಂಚಿನ ಎಲ್‌ಸಿಡಿ ಪರದೆ, ಒಳಗೆ 32 ಜಿಬಿ ಜಾಗ. ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಎಂದು ಕಂಪನಿ ಹೇಳಿತ್ತು.

2019ರ ಆಗಸ್ಟ್ ಹೊತ್ತಿಗೆ ಅದೇ ಹೆಸರು, ಅದೇ ಮುಖದಲ್ಲಿ ಇನ್ನೊಂದು ಬಂತು. ಒಳಗಿನ ಚಿಪ್ ಮಾತ್ರ ಬದಲಾಗಿತ್ತು. ಕಡಿಮೆ ಕರೆಂಟ್ ತಿನ್ನುವ ಚಿಪ್ ಹಾಕಿದ್ದರಿಂದ ಅದೇ ಅಳತೆಯ ಬ್ಯಾಟರಿ ನಾಲ್ಕೂವರೆಯಿಂದ ಒಂಬತ್ತು ಗಂಟೆ ಬರತೊಡಗಿತು. ಹೊರಗಿನಿಂದ ನೋಡಿದರೆ ಅಣ್ಣ ತಮ್ಮ ಅವಳಿಜವಳಿ. ಮೋಸ ಹೋಗುವುದೂ ಇಲ್ಲೇ.

ಅದೇ ವರ್ಷದ ಸೆಪ್ಟೆಂಬರ್ 20ಕ್ಕೆ ಸ್ವಿಚ್ ಲೈಟ್. ಪರದೆ 5.5 ಇಂಚು, ತೂಕ ಸುಮಾರು 275 ಗ್ರಾಂ. ಇದನ್ನು ಟಿವಿಗೆ ಹಾಕಲು ಬರುವುದಿಲ್ಲ. ಪಕ್ಕದ ಕಂಟ್ರೋಲರ್ ಬಿಚ್ಚಲೂ ಬರುವುದಿಲ್ಲ.

2021ರ ಅಕ್ಟೋಬರ್ 8ಕ್ಕೆ ಓಎಲ್‌ಇಡಿ ಮಾಡೆಲ್. 7 ಇಂಚಿನ ಚಂದದ ಪರದೆ, 64 ಜಿಬಿ, ಹಿಂದೆ ಅಗಲವಾದ ಸ್ಟ್ಯಾಂಡ್. ಮೊದಲಿನದರ ಸ್ಟ್ಯಾಂಡ್ ಒಂದು ಬೆರಳಗಲದ ಪ್ಲಾಸ್ಟಿಕ್ ಕಡ್ಡಿ. ರೈಲಿನಲ್ಲಿ ಇಟ್ಟರೆ ಮೊದಲ ತಿರುವಿಗೇ ಮಗುಚುತ್ತಿತ್ತು.

ಕೊನೆಯದು ಸ್ವಿಚ್ 2. 2025ರ ಜೂನ್ 5ರಂದು ಬಂತು. 7.9 ಇಂಚಿನ 1080ಪಿ ಎಲ್‌ಸಿಡಿ ಪರದೆ, 256 ಜಿಬಿ, ಕಂಟ್ರೋಲರ್‌ಗಳು ಅಯಸ್ಕಾಂತದಿಂದ ಅಂಟುತ್ತವೆ. ತೂಕ ಅರ್ಧ ಕಿಲೋಗಿಂತ ಸ್ವಲ್ಪ ಹೆಚ್ಚು, 534 ಗ್ರಾಂ. ಅಮೆರಿಕದಲ್ಲಿ ಬಿಡುಗಡೆಯಾದಾಗ ಲೈಟ್ 199.99, ಮೊದಲನೆಯದು 299.99, ಓಎಲ್‌ಇಡಿ 349.99, ಸ್ವಿಚ್ 2 449.99 ಡಾಲರ್. ಇಲ್ಲಿ ತರುವವರ ಲಾಭ, ಸುಂಕ ಎಲ್ಲ ಸೇರಿ ರೂಪಾಯಿ ಲೆಕ್ಕ ಬೇರೆಯೇ ಆಗುತ್ತದೆ. ಆದರೂ ಯಾವುದು ಯಾವುದಕ್ಕಿಂತ ಎಷ್ಟು ಪಾಲು ಜಾಸ್ತಿ ಇರಬೇಕು ಎನ್ನುವುದಕ್ಕೆ ಈ ಡಾಲರ್ ಲೆಕ್ಕ ತಲೆಯಲ್ಲಿರಲಿ.

ಹೆಜ್ಜೆ 1: ಯಾವ ಆಟ ಆಡಬೇಕು?

ಎಲ್ಲರೂ ಯಂತ್ರ ಕೊಂಡು ಆಮೇಲೆ ಆಟ ಹುಡುಕುತ್ತಾರೆ. ತಿರುಗಿಸಿ ಮಾಡಿ. ಒಂದು ಚೀಟಿಯಲ್ಲಿ ಮೂರು ಆಟದ ಹೆಸರು ಬರೆಯಿರಿ. ಮಕ್ಕಳಿಗಾದರೆ ಅವರಿಂದಲೇ ಬರೆಸಿ.

ಆ ಮೂರರಲ್ಲಿ ಮಾರಿಯೋ ಕಾರ್ಟ್ ವರ್ಲ್ಡ್ ಅಥವಾ ಡಾಂಕಿ ಕಾಂಗ್ ಬನಾಂಜಾ ಇದ್ದರೆ ಮಾತು ಮುಗಿಯಿತು, ಅವು ಸ್ವಿಚ್ 2ಕ್ಕೆ ಮಾತ್ರ. ಹಳೆಯದರಲ್ಲಿ ಏನು ಮಾಡಿದರೂ ಓಡುವುದಿಲ್ಲ. ಮಾರಿಯೋ ಕಾರ್ಟ್ 8 ಡಿಲಕ್ಸ್, ಜೆಲ್ಡಾ, ಅನಿಮಲ್ ಕ್ರಾಸಿಂಗ್ ಎಂದಿದ್ದರೆ ಹಳೆಯದು ಧಾರಾಳ ಸಾಕು. ಹಳೆಯ ಆಟಗಳಲ್ಲಿ ಹೆಚ್ಚಿನವು ಸ್ವಿಚ್ 2ರಲ್ಲೂ ಓಡುತ್ತವೆ. ಹಾಗಾಗಿ ಈಗ ಕೊಂಡ ಆಟ ಮುಂದೆ ದಂಡವಾಗುವುದಿಲ್ಲ. ಹೊಸ ಆಟವನ್ನು ಹಳೆಯದಕ್ಕೆ ಹಾಕಲು ಮಾತ್ರ ಬರುವುದಿಲ್ಲ.

ಅಳಿಯನ ಚೀಟಿಯಲ್ಲಿ ಇದ್ದಿದ್ದು ಮೂರೂ ಹಳೆಯ ಆಟ. ಅವನಿಗೇ ಸಿಟ್ಟು ಬಂತು. ಚೀಟಿ ಹರಿದು ಇನ್ನೊಂದು ಬರೆದ. ಅದರಲ್ಲೂ ಎರಡು ಹಳೆಯವೇ.

ಒಂದು ವಿಷಯ ಸ್ವಿಚ್ 2ರ ಪರವಾಗಿ ಹೇಳಬೇಕು. ಕೆಲವು ಹಳೆಯ ಆಟಗಳು ಅದರಲ್ಲಿ ನಿಜಕ್ಕೂ ನುಣ್ಣಗೆ ಓಡುತ್ತವೆ. ಪೋಕೆಮಾನ್ ಸ್ಕಾರ್ಲೆಟ್ ಹಳೆಯದರಲ್ಲಿ ತಡವರಿಸುತ್ತಿತ್ತು. ಸ್ವಿಚ್ 2ಕ್ಕೆ ಪುಕ್ಕಟೆ ಅಪ್‌ಡೇಟ್ ಕೊಟ್ಟ ಮೇಲೆ ಆ ತೊಂದರೆ ಹೋಯಿತು. ಜೆಲ್ಡಾದ ಎರಡು ದೊಡ್ಡ ಆಟಗಳಿಗೂ ಇಂಥ ಅಪ್‌ಡೇಟ್ ಇದೆ, ಆದರೆ ಅದಕ್ಕೆ ದುಡ್ಡು ಬೇರೆ.

ಹೆಜ್ಜೆ 2: ಎಲ್ಲಿ ಕೂತು ಆಡುತ್ತೀರಿ?

ನನ್ನ ಪ್ರಕಾರ ಅರ್ಧ ತೀರ್ಮಾನ ಇಲ್ಲೇ ಆಗುತ್ತದೆ. ನಾನು ದುಡ್ಡು ಕಳೆದುಕೊಂಡಿದ್ದೂ ಇದನ್ನು ಯೋಚಿಸದೆಯೇ.

ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ಕೆಲಸದ ಮೇಲೆ ಆಗಾಗ ಮಂಗಳೂರಿಗೆ ಹೋಗಬೇಕು. ರೈಲಿನಲ್ಲಿ ನಾಲ್ಕೈದು ಗಂಟೆ. ಸುರಂಗದಲ್ಲಿ ನೆಟ್‌ವರ್ಕ್ ಹೋಗುತ್ತದೆ, ಗುಡ್ಡದ ಸಂದಿಯಲ್ಲಿ ಬರುವುದೇ ಇಲ್ಲ. ಮೊಬೈಲ್‌ಗಿಂತ ಗೇಮ್ ವಾಸಿ ಎಂದು ಸೆಕೆಂಡ್ ಹ್ಯಾಂಡ್ ಸ್ವಿಚ್ ಕೊಂಡೆ. ಮಾರಿದವನು "2019ರ ಮಾಡೆಲ್, ಬ್ಯಾಟರಿ ಚಿಂತೆ ಬೇಡ" ಎಂದಿದ್ದ. ಡಬ್ಬಿಯೂ 2019ರದ್ದೇ. ಕಾರವಾರದಲ್ಲಿ ನೂರು ಶೇಕಡಾ ಚಾರ್ಜ್ ಇಟ್ಟುಕೊಂಡು ಹತ್ತಿದೆ. ಹೊನ್ನಾವರದಲ್ಲಿ ಶರಾವತಿ ಸೇತುವೆ ದಾಟುವಾಗ ಕೆಂಪು ಗೆರೆ ಬಂತು. ಭಟ್ಕಳ ಬರುವಷ್ಟರಲ್ಲಿ ಪರದೆ ಕಪ್ಪು. ಮನೆಗೆ ಬಂದು ಸೀರಿಯಲ್ ನಂಬರ್ ನೋಡಿದರೆ ಅದು 2017ರದ್ದು. ಡಬ್ಬಿ ಮಾತ್ರ ಬೇರೆ ಯಾವುದರದ್ದೋ.

ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಆಡುವಾಗ ಎಷ್ಟು ಹೊತ್ತು ಬರುತ್ತದೆ ಎಂದು ಕಂಪನಿಯೇ ಲೆಕ್ಕ ಕೊಟ್ಟಿದೆ. 2017ರದ್ದು ಸುಮಾರು 3 ಗಂಟೆ, ಲೈಟ್ 4 ಗಂಟೆ, 2019ರದ್ದು ಐದೂವರೆ ಗಂಟೆ. ಓಎಲ್‌ಇಡಿ ಕೂಡ 2019ರದ್ದರಷ್ಟೇ. ಇದೆಲ್ಲ ಹೊಸ ಬ್ಯಾಟರಿಯ ಮಾತು. ಸುಮಾರು 800 ಸಲ ಚಾರ್ಜ್ ಆದ ಮೇಲೆ ಬ್ಯಾಟರಿಯ ತಾಕತ್ತು 80 ಶೇಕಡಾಕ್ಕೆ ಇಳಿಯುತ್ತದೆ ಎಂದೂ ಕಂಪನಿಯೇ ಹೇಳುತ್ತದೆ. ಏಳೆಂಟು ವರ್ಷ ಹಳೆಯದಕ್ಕೆ ಇನ್ನೂ ಒಂದು ಪಾಲು ಕಳೆಯಿರಿ.

ಹಾಗಾದರೆ ಸ್ವಿಚ್ 2? ಅಚ್ಚರಿ ಎಂದರೆ ಬ್ಯಾಟರಿಯಲ್ಲಿ ಅದು ಹಿಂದೆ. ದೊಡ್ಡ ಬ್ಯಾಟರಿ ಇದೆ, 5220 ಎಂಎಎಚ್. ಆದರೆ ಪರದೆ, ಚಿಪ್ ಎರಡೂ ಜಾಸ್ತಿ ಎಳೆಯುತ್ತವೆ. ಎರಡರಿಂದ ಆರೂವರೆ ಗಂಟೆ ಎಂದೇ ಬರೆದಿದ್ದಾರೆ. ಭಾರಿ ಆಟ ಹಾಕಿದರೆ ಎರಡು ಚಿಲ್ಲರೆ ಗಂಟೆ ಅಷ್ಟೇ. ನನ್ನ ಹಳೇ 2017ರದ್ದರ ಹಾಗೆ ಇದೂ ಭಟ್ಕಳಕ್ಕೇ ಇಳಿದುಬಿಡುತ್ತದೆ.

ಕರೆಂಟಿನ ಮಾತೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಮನೆಗಳಲ್ಲಿ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ಕರೆಂಟ್ ಮರುದಿನಕ್ಕೆ. ಟಿವಿಗೆ ಹಾಕಿ ಆಡುವ ಯೋಗ ಆಗ ಇಲ್ಲ. ಹಳೆಯ ಸ್ವಿಚ್ ಸಾಮಾನ್ಯ ಮೊಬೈಲ್ ಚಾರ್ಜರ್‌ನಲ್ಲೂ ನಿಧಾನಕ್ಕೆ ಚಾರ್ಜ್ ಆಗುತ್ತದೆ, ಪವರ್ ಬ್ಯಾಂಕಿನಲ್ಲೂ ಆಗುತ್ತದೆ. ಸ್ವಿಚ್ 2ಕ್ಕೆ ಪಿಡಿ (ಬೇಗ ಚಾರ್ಜ್ ಮಾಡುವ ಬಗೆ) ಇರುವ, 20–30 ವಾಟ್ ಕೊಡುವ ಪವರ್ ಬ್ಯಾಂಕ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಡುತ್ತಾ ಇದ್ದಾಗ ಒಳಗೆ ಹೋಗುವುದಕ್ಕಿಂತ ಹೊರಗೆ ಹೋಗುವುದೇ ಜಾಸ್ತಿ.

ಇದಕ್ಕೆ ತಿರುಗಾ ಇನ್ನೊಂದು ಮನೆ ನೋಡಿ. ಟಿವಿ ಮುಂದೆಯೇ ಆಡುವವರು, ಹೊರಗೆ ಒಯ್ಯುವುದೇ ಇಲ್ಲ. ಅವರಿಗೆ ಓಎಲ್‌ಇಡಿಗೆ ಜಾಸ್ತಿ ಕೊಡುವುದು ಸುಮ್ನೆ ದುಡ್ಡು ದಂಡ. ಟಿವಿಗೆ ಹಾಕಿದ ಮೇಲೆ 2017ರದ್ದೂ ಓಎಲ್‌ಇಡಿಯೂ ಒಂದೇ, ಎರಡೂ 1080ಪಿ. ಆ ಚಂದದ ಪರದೆ ಡಾಕ್ (ಟಿವಿಗೆ ಜೋಡಿಸುವ ಪೀಠ) ಒಳಗೆ ಕತ್ತಲಲ್ಲಿ ಕೂತಿರುತ್ತದೆ. ಟಿವಿ ದೊಡ್ಡದು, 4ಕೆ ಇದೆ, ದುಡ್ಡೂ ಇದೆ ಎನ್ನುವವರು ನೇರ ಸ್ವಿಚ್ 2ಕ್ಕೇ ಹೋಗಲಿ. ಅದು ಟಿವಿಗೆ 4ಕೆ ವರೆಗೆ ಕೊಡುತ್ತದೆ. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೆಜ್ಜೆ 3: ನೆಟ್ ಎಷ್ಟು ಇದೆ, ಜಾಗ ಎಷ್ಟು ಬೇಕು

ಜೆಲ್ಡಾ ಟಿಯರ್ಸ್ ಆಫ್ ದಿ ಕಿಂಗ್‌ಡಮ್ ಡೌನ್‌ಲೋಡ್ ಮಾಡಲು ಸುಮಾರು 16 ಜಿಬಿ ಬೇಕು. ದಿನಕ್ಕೆ 2 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಎಂಟು ದಿನ, ಅದೂ ಮನೆಯಲ್ಲಿ ಬೇರೆ ಯಾರೂ ವಾಟ್ಸಾಪ್ ಮುಟ್ಟದೆ ಇದ್ದರೆ. ಮನೆಗೆ ಫೈಬರ್ ಬಂದಿದ್ದರೆ ಈ ಹೆಜ್ಜೆ ದಾಟಿ ಮುಂದೆ ಹೋಗಿ. ಬಂದಿಲ್ಲವಾದರೆ ಓದಿ.

ಹಳೆಯ ಸ್ವಿಚ್‌ನ ಆಟಗಳು ಕಾರ್ಡ್‌ನಲ್ಲಿ ಬಂದರೆ ಹೆಚ್ಚಾಗಿ ಆಟ ಪೂರ್ತಿ ಕಾರ್ಡ್‌ನಲ್ಲೇ ಇರುತ್ತದೆ. ಹಾಕಿದರೆ ಓಡುತ್ತದೆ. ಸ್ವಿಚ್ 2ಕ್ಕೆ ಬರುವ ಎಷ್ಟೋ ಕಾರ್ಡ್‌ಗಳು ಗೇಮ್-ಕೀ ಕಾರ್ಡ್. ಹೆಸರಿಗೆ ಕಾರ್ಡ್, ಒಳಗೆ ಬೀಗದ ಕೈ ಮಾತ್ರ. ಆಟವನ್ನು ನೆಟ್‌ನಿಂದಲೇ ಇಳಿಸಿಕೊಳ್ಳಬೇಕು. ಇಳಿಸಿದ ಮೇಲೂ ಆಡುವಾಗೆಲ್ಲ ಕಾರ್ಡ್ ಒಳಗಿರಬೇಕು. ಡಬ್ಬಿಯ ಮುಂಭಾಗದಲ್ಲೇ ಕೆಳಗೆ ಅದನ್ನು ಮುದ್ರಿಸಿರುತ್ತಾರೆ, ಬೀಗದ ಕೈ ಚಿತ್ರ ಇರುತ್ತದೆ. ಸ್ಟ್ರೀಟ್ ಫೈಟರ್ 6 ಹೀಗೆ ಬಂದಿದೆ. ಸೈಬರ್‌ಪಂಕ್ 2077 ಮಾತ್ರ 64 ಜಿಬಿ ಕಾರ್ಡಿನಲ್ಲಿ ಪೂರ್ತಿ ಬಂತು. ಗುಡ್ಡದ ಮೇಲಿನ ಮನೆಯವರು ಕೊಳ್ಳುವ ಮುಂಚೆ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ.

ಮೆಮೊರಿ ಕಾರ್ಡ್ ವಿಷಯ ಚುಟುಕಾಗಿ. ಹಳೆಯ ನಾಲ್ಕೂ ಬಗೆಗೆ ಮೊಬೈಲ್‌ಗೆ ಹಾಕುವ ಮೈಕ್ರೋ ಎಸ್‌ಡಿ ಸಾಕು. ಹಳೇ ಮೊಬೈಲ್‌ನ ಕಾರ್ಡ್ ಮನೆಯಲ್ಲೇ ಬಿದ್ದಿರುತ್ತದೆ, ಅಲ್ವಾ? ಸ್ವಿಚ್ 2ಕ್ಕೆ ಮೈಕ್ರೋ ಎಸ್‌ಡಿ ಎಕ್ಸ್‌ಪ್ರೆಸ್ ಎನ್ನುವ ಹೊಸ ಬಗೆಯೇ ಬೇಕು. ಹಳೆಯ ಕಾರ್ಡ್ ಹಾಕಿದರೆ ಅದರಲ್ಲಿರುವ ಫೋಟೋ ವಿಡಿಯೋ ತೆಗೆದುಕೊಳ್ಳುತ್ತದೆ, ಆಟ ಇಡಲು ಬಿಡುವುದಿಲ್ಲ. ಶಿರಸಿ, ಕುಮಟಾದ ಮೊಬೈಲ್ ಅಂಗಡಿಗಳಲ್ಲಿ ಕೇಳಿ ನೋಡಿದೆ. ಎಕ್ಸ್‌ಪ್ರೆಸ್ ಎಂದರೆ ರೈಲೇ ಎಂದು ಕೇಳಿದರು.

ಹೆಜ್ಜೆ 4: ಹಾಳಾದರೆ ಯಾರು ರಿಪೇರಿ ಮಾಡುತ್ತಾರೆ

ಈ ಯಂತ್ರಗಳಿಗೆ ಹೆಚ್ಚಾಗಿ ಬರುವ ರೋಗ ಒಂದೇ, ಡ್ರಿಫ್ಟ್. ಹೆಬ್ಬೆರಳಿನಿಂದ ಆಡಿಸುವ ಕಡ್ಡಿ ಇದೆಯಲ್ಲ, ಅದರ ಕೆಳಗೆ ಇಂಗಾಲ ಬಳಿದ ಪಟ್ಟಿ ಇರುತ್ತದೆ. ಉಜ್ಜಿ ಉಜ್ಜಿ ಅದು ಸವೆಯುತ್ತದೆ. ಆಮೇಲೆ ನೀವು ಮುಟ್ಟದಿದ್ದರೂ ಮಾರಿಯೋ ತಾನಾಗಿ ಎಡಕ್ಕೆ ನಡೆಯತೊಡಗುತ್ತಾನೆ. ದೂಳು ಹೋದರೆ ಬೇಗ ಬರುತ್ತದೆ. ಅಳಿಯನಿಗೆ ಕೊಟ್ಟಿದ್ದರಲ್ಲಿ ಆಗಿದ್ದೂ ಇದೇ.

ಮೊದಲನೆಯದು, 2019ರದ್ದು, ಓಎಲ್‌ಇಡಿ, ಈ ಮೂರರಲ್ಲೂ ಕಂಟ್ರೋಲರ್ ಬಿಚ್ಚಿ ತೆಗೆಯಬಹುದು. ಹಾಳಾದರೆ ಅದೊಂದನ್ನೇ ಬದಲಾಯಿಸಿದರಾಯಿತು, ಇಲ್ಲವೇ ಒಳಗಿನ ಕಡ್ಡಿ ಮಾತ್ರ ಹೊಸದು ಹಾಕಬಹುದು. ಉಜ್ಜದೆ ಅಯಸ್ಕಾಂತದಿಂದ ನಡೆಯುವ, ಸವೆಯದ ಹಾಲ್ ಎಫೆಕ್ಟ್ ಕಡ್ಡಿಗಳನ್ನೂ ಬೇರೆ ಕಂಪನಿಗಳು ಮಾರುತ್ತವೆ. ಅಂಚೆಯಲ್ಲಿ ತರಿಸಬಹುದು. ಒಂದು ಎಚ್ಚರ: ಇದರ ಸ್ಕ್ರೂ ಮೂರು ಕಾಲಿನದು, ಸಾದಾ ಸ್ಟಾರ್ ಡ್ರೈವರ್ ಹಾಕಿ ತಿರುಗಿಸಿದರೆ ತಲೆ ಸವೆದು ಹೋಗುತ್ತದೆ. ನನ್ನದನ್ನು ಹಾಗೆ ಒಬ್ಬರು ಸವೆಸಿ ಕೊಟ್ಟರು. ರಿಪೇರಿಗೆ ಕೊಡುವ ಮುಂಚೆ "ಟ್ರೈವಿಂಗ್ ಡ್ರೈವರ್ ಇದ್ಯಾ" ಎಂದು ಕೇಳಿ. ಇಲ್ಲ ಎಂದರೆ ವಾಪಸ್ ತನ್ನಿ.

ಲೈಟ್‌ನಲ್ಲಿ ಕಂಟ್ರೋಲರ್ ಮೈಗೇ ಕೂಡಿಕೊಂಡಿದೆ. ಕಡ್ಡಿ ಕೆಟ್ಟರೆ ಇಡೀ ಯಂತ್ರ ಬಿಚ್ಚಬೇಕು, ರಿಪೇರಿ ಮುಗಿಯುವವರೆಗೆ ಆಟವೂ ಇಲ್ಲ. ಅಗ್ಗ ಎಂದು ಲೈಟ್ ಕಡೆ ಕೈ ಹೋಗುವಾಗ ಇದನ್ನು ನೆನೆಯಿರಿ. ಲೈಟ್ ಕೆಟ್ಟದ್ದಲ್ಲ. ಸಣ್ಣ ಕೈಗೆ ಒಪ್ಪುತ್ತದೆ, ಬಸ್ಸಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಹುಬ್ಬಳ್ಳಿಯಲ್ಲೋ ಮಡಗಾಂವಿನಲ್ಲೋ ಪರಿಚಯದ ರಿಪೇರಿಯವರು ಇಲ್ಲದಿದ್ದರೆ ನಾನು ಅದನ್ನು ಮಗುವಿನ ಕೈಗೆ ಕೊಡಲಾರೆ.

ಸ್ವಿಚ್ 2ರ ಕಡ್ಡಿಗಳೂ ಹಾಲ್ ಎಫೆಕ್ಟ್ ಅಲ್ಲ. ಒಳಗೆ ಬ್ಯಾಟರಿಯನ್ನು ಗಟ್ಟಿಯಾಗಿ ಅಂಟಿಸಿಬಿಟ್ಟಿದ್ದಾರೆ. ಇನ್ನೂ ಹೊಸದು, ಬಿಡಿಭಾಗಗಳೂ ಕಡಿಮೆ. ಹಳೆಯ ಸ್ವಿಚ್ ಜಗತ್ತಿನಲ್ಲಿ 15 ಕೋಟಿಗೂ ಜಾಸ್ತಿ ಮಾರಿದೆ. ಅದರ ಬಿಡಿಭಾಗ, ಕವರ್, ಹಳೆಯ ಆಟದ ಕಾರ್ಡ್, ಬಿಚ್ಚುವ ವಿಡಿಯೋ ಎಲ್ಲ ಹೇರಳ. ನಮ್ಮಂಥ ಊರಿನಲ್ಲಿ ಕೂತವರಿಗೆ ಇದು ಸಣ್ಣ ವಿಷಯವಲ್ಲ.

ಹೆಜ್ಜೆ 5: ಎಲ್ಲಿಂದ ತರಿಸುವುದು

ಭಟ್ಕಳ, ಹೊನ್ನಾವರ, ಕಾರವಾರದ ಮನೆಗಳಲ್ಲಿ ಗಲ್ಫ್‌ನಲ್ಲಿರುವ ಒಬ್ಬ ಅಣ್ಣನೋ ಭಾವನೋ ಇದ್ದೇ ಇರುತ್ತಾನೆ. ರಜೆಗೆ ಬರುವಾಗ ತರಿಸುವುದು ಸುಲಭದ ದಾರಿ. ಅಲ್ಲಿನ ಪ್ಲಗ್ ಚೌಕಾಕಾರದ ಮೂರು ಪಿನ್ನಿನದು, ಒಂದು ಅಡಾಪ್ಟರ್ ಸಾಕು. ಕಂಪನಿಯ ಚಾರ್ಜರ್ 100ರಿಂದ 240 ವೋಲ್ಟ್ ವರೆಗೆ ತಡೆಯುತ್ತದೆ. ಹಾಗಾಗಿ ಜಪಾನಿನಿಂದ ಬಂದರೂ ಸುಡುವುದಿಲ್ಲ. ಬಿಲ್ ಕೇಳಿ ತರಿಸಿ. ಎಷ್ಟರವರೆಗೆ ಸುಂಕವಿಲ್ಲ ಎನ್ನುವುದನ್ನು ತರುವವರು ಹೊರಡುವ ಮುಂಚೆ ಕಸ್ಟಮ್ಸ್ ನಿಯಮದಲ್ಲಿ ನೋಡಿಕೊಳ್ಳಲಿ. ಡಬ್ಬಿ ಒಡೆದು ತಂದರೆ ಬಿಡುತ್ತಾರೆ ಎನ್ನುವ ಮಾತು ನಂಬಬೇಡಿ.

ಜಪಾನ್ ಎಂದೆ. ಹಡಗಿನ ಕೆಲಸದಲ್ಲಿರುವ ಗೆಳೆಯರು ಜಪಾನಿನಲ್ಲಿ ಅಗ್ಗ ಎಂದು ಸ್ವಿಚ್ 2 ತರುವುದುಂಟು. ಅಲ್ಲಿ ಎರಡು ಬಗೆ ಇದೆ (ಬೆಲೆ 2025ರಲ್ಲಿ ಬಿಡುಗಡೆಯಾದಾಗಿನದು). 49,980 ಯೆನ್‌ನದ್ದು ಜಪಾನಿ ಭಾಷೆ ಮಾತ್ರ ತೋರಿಸುತ್ತದೆ. ಜಪಾನಿನ ಅಕೌಂಟ್ ಅಲ್ಲದೆ ಬೇರೆ ಅಕೌಂಟ್ ಒಪ್ಪುವುದಿಲ್ಲ. ಎಲ್ಲ ಭಾಷೆಯದ್ದು 69,980 ಯೆನ್. ಅಗ್ಗ ಎಂದು ಮೊದಲನೆಯದನ್ನು ತಂದರೆ ಮೆನು ಓದಲು ಜಪಾನಿ ಕಲಿಯಬೇಕಾಗುತ್ತದೆ. ಹಳೆಯ ಸ್ವಿಚ್‌ಗಳಿಗೆ ಈ ಕಾಟವಿಲ್ಲ. ಚೀನಾದ್ದೊಂದು ಬಿಟ್ಟರೆ ಯಾವ ದೇಶದ್ದಾದರೂ ಇಂಗ್ಲಿಷ್ ಬರುತ್ತದೆ, ಯಾವ ದೇಶದ ಕಾರ್ಡ್ ಹಾಕಿದರೂ ಓಡುತ್ತದೆ.

ಗೋವಾ, ಹುಬ್ಬಳ್ಳಿ, ಬೆಂಗಳೂರಿನ ಅಂಗಡಿಗಳಲ್ಲಿ ಕೊಂಡರೆ ಸ್ವಲ್ಪ ಜಾಸ್ತಿ ಆಗುತ್ತದೆ. ಆದರೆ ಅಂಗಡಿಯವರೇ ಕೊಡುವ ಗ್ಯಾರಂಟಿ ಸಿಗಬಹುದು. ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. "ಏನಾದ್ರೂ ಆದ್ರೆ ತಗೊಂಡ್ ಬನ್ನಿ, ನೋಡುವಾ" ಎನ್ನುವುದು ಗ್ಯಾರಂಟಿ ಅಲ್ಲ.

ಹೆಜ್ಜೆ 6: ಸೆಕೆಂಡ್ ಹ್ಯಾಂಡ್ ಆದರೆ ಕೈಗೆ ತೆಗೆದುಕೊಂಡು ನೋಡುವುದು ಹೀಗೆ

ಹತ್ತು ನಿಮಿಷದ ಕೆಲಸ. ಮಾರುವವರು ಅವಸರ ಮಾಡಿದರೆ ಎದ್ದು ಬನ್ನಿ.

ಮೊದಲು ಡಬ್ಬಿ ಬದಿಗಿಡಿ. ಯಂತ್ರದ ಕೆಳ ಅಂಚಿನಲ್ಲಿ, ಚಾರ್ಜಿಂಗ್ ತೂತಿನ ಹತ್ತಿರ, ಸೀರಿಯಲ್ ನಂಬರ್ ಇದೆ. ಎಕ್ಸ್‌ಎ ಎಂದು ಶುರುವಾದರೆ 2017ರ ಬಗೆ. ಎಕ್ಸ್‌ಕೆ ಎಂದು ಶುರುವಾದರೆ 2019ರದ್ದು. ನಾನು ಅವತ್ತು ಇದೊಂದನ್ನು ನೋಡಿದ್ದರೆ ಸಾಕಿತ್ತು.

ಆಮೇಲೆ ಸಪಾಟಾದ ಮೇಜಿನ ಮೇಲೆ ಮಲಗಿಸಿ. ಬೆನ್ನು ಉಬ್ಬಿದ್ದರೆ, ಅಲುಗಾಡಿದರೆ ಬ್ಯಾಟರಿ ಊದಿರಬಹುದು. ಅದು ಪುಕ್ಕಟೆ ಕೊಟ್ಟರೂ ಬೇಡ.

ಸೆಟಿಂಗ್ಸ್‌ನಲ್ಲಿ ಕಂಟ್ರೋಲರ್ ವಿಭಾಗಕ್ಕೆ ಹೋಗಿ ಕಡ್ಡಿಯ ಕ್ಯಾಲಿಬ್ರೇಶನ್ ತೆರೆಯಿರಿ. ಕಡ್ಡಿ ಒತ್ತಿದರೆ ಒಂದು ವೃತ್ತ ಕಾಣುತ್ತದೆ. ಬೆರಳು ಬಿಟ್ಟಾಗ ಚುಕ್ಕೆ ನಡುವಿಗೆ ಬಂದು ನಿಲ್ಲಬೇಕು. ನಡುಗಿದರೆ, ಒಂದು ಕಡೆ ವಾಲಿದರೆ ಡ್ರಿಫ್ಟ್ ಶುರುವಾಗಿದೆ. ಅದನ್ನು ತೋರಿಸಿ ಬೆಲೆ ಇಳಿಸಿ.

ಒಂದು ಕಾರ್ಡ್ ಹಾಕಿ ಆಟ ಓಡಿಸಿ. ಸಾಲ ತಂದಾದರೂ ಒಂದು ಕಾರ್ಡ್ ಒಯ್ಯಿರಿ. ಚಾರ್ಜರ್ ಚುಚ್ಚಿ. ಡಾಕ್ ಕೊಡುತ್ತಿದ್ದರೆ ಅವರ ಟಿವಿಗೇ ಹಾಕಿ ತೋರಿಸಲು ಹೇಳಿ.

ಕೊನೆಗೆ ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ ಆನ್‌ಲೈನ್ ಅಂಗಡಿ ತೆರೆಯುತ್ತದೋ ನೋಡಿ. ಕದ್ದ ಆಟ ಹಾಕಿದ ಯಂತ್ರಗಳನ್ನು ಕಂಪನಿ ನೆಟ್‌ನಿಂದ ಬ್ಯಾನ್ ಮಾಡುತ್ತದೆ. ಅದು ಅಕೌಂಟಿಗಲ್ಲ, ಯಂತ್ರಕ್ಕೇ ಅಂಟುವ ಶಾಪ. ನೀವು ಹೊಸ ಅಕೌಂಟ್ ಮಾಡಿದರೂ ಹೋಗುವುದಿಲ್ಲ. "ಐವತ್ತು ಆಟ ಒಳಗೇ ಇದೆ" ಎಂದು ಆಸೆ ತೋರಿಸುವ ಯಂತ್ರಗಳ ಬಗ್ಗೆ ಎರಡು ಪಟ್ಟು ಎಚ್ಚರ. ಕಾನೂನಿನ ಪ್ರಕಾರವೇ ಕೊಂಡ ಡಿಜಿಟಲ್ ಆಟಗಳೂ ಮೊದಲಿನವರ ಅಕೌಂಟಿಗೆ ಸೇರಿದ್ದು, ನಿಮಗೆ ಬರುವುದಿಲ್ಲ. ಎಲ್ಲ ಸರಿ ಕಂಡರೆ ಮಾರುವವರ ಎದುರಿಗೇ ಯಂತ್ರವನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿಸಿ. ದುಡ್ಡು ಆಮೇಲೆ.

ಇನ್ನೂ ಹಳೆಯದರ ಆಸೆ ಇದ್ದರೆ

ಕೆಲವರಿಗೆ ಕೈಯಲ್ಲಿ ಹಿಡಿಯುವ ಹಳೆಯ ಗೇಮ್ ಯಂತ್ರಗಳಾದ 3ಡಿಎಸ್, ಪಿಎಸ್‌ಪಿ ಮೇಲೆ ಪ್ರೀತಿ. ನನಗೂ ಇದೆ. ಆದರೆ 3ಡಿಎಸ್‌ನ ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿತು. ಅದಕ್ಕೆ ದೇಶದ ಬೀಗವೂ ಇದೆ, ಜಪಾನಿನ ಯಂತ್ರಕ್ಕೆ ಅಮೆರಿಕದ ಕಾರ್ಡ್ ಆಗುವುದಿಲ್ಲ. ಪಿಎಸ್‌ಪಿ 2004ರಲ್ಲಿ ಬಂದಿದ್ದು, ಅದರ ಹಳೆಯ ಬ್ಯಾಟರಿಗಳು ಊದುವುದೇ ಜಾಸ್ತಿ. ಶೋಕಿಗೆ ಸರಿ, ಮಗುವಿಗೆ ಬೇಡ.

ಕಂಪ್ಯೂಟರ್ ಆಟಗಳನ್ನು ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಕೇಳುವವರೂ ಇದ್ದಾರೆ. ಅಲ್ಲೂ ಇದೇ ಕತೆ: 2022ರ ಎಲ್‌ಸಿಡಿ, 2023ರ ಓಎಲ್‌ಇಡಿ. ಅದರಲ್ಲಿ ಮಾತ್ರ ನಾನು ಅನುಮಾನವಿಲ್ಲದೆ ಹೊಸದನ್ನೇ ಹೇಳುತ್ತೇನೆ. ಬ್ಯಾಟರಿ 40ರಿಂದ 50 ವಾಟ್-ಅವರ್‌ಗೆ ಏರಿದೆ, ಪರದೆ ದೊಡ್ಡದಾಗಿದೆ, ತೂಕ ಇಳಿದಿದೆ. ಆದರೆ ಅದರ ಆಟಗಳೆಲ್ಲ ಡೌನ್‌ಲೋಡೇ. ಹೆಜ್ಜೆ 3ಕ್ಕೆ ವಾಪಸ್ ಹೋಗಿ ನೋಡಿ.

ಹಾಗಾದರೆ ಯಾವುದು?

ಪ್ರಯಾಣದಲ್ಲಿ, ಕರೆಂಟ್ ಇಲ್ಲದ ಸಂಜೆಯಲ್ಲಿ ಕೈಯಲ್ಲಿ ಹಿಡಿದು ಆಡುವವರು ಓಎಲ್‌ಇಡಿ ತೆಗೆದುಕೊಳ್ಳಿ. ದುಡ್ಡು ಬಿಗಿ ಇದ್ದರೆ 2019ರದ್ದು. ಎರಡರ ಬ್ಯಾಟರಿ ಒಂದೇ. ನಮ್ಮ ಕಡೆಯ ಹತ್ತರಲ್ಲಿ ಏಳು ಮನೆಗೆ ಇದೇ ಸರಿ ಎನ್ನುವುದು ನನ್ನ ಅಂದಾಜು. ಓಎಲ್‌ಇಡಿ ಪರದೆಯ ಮೇಲೆ ಕಂಪನಿಯೇ ಅಂಟಿಸಿದ ತೆಳು ಪೊರೆ ಇರುತ್ತದೆ. ಗಾಜು ಒಡೆದರೆ ಚೂರು ಹಾರದಿರಲಿ ಎಂದು ಹಾಕಿದ್ದು. ಹೊಸ ಮೊಬೈಲಿನ ಪ್ಲಾಸ್ಟಿಕ್ ಎಂದುಕೊಂಡು ಕಿತ್ತುಬಿಡಬೇಡಿ.

ಹೊಸ ಆಟವೇ ಬೇಕು, ಫೈಬರ್ ಇದೆ, ದೊಡ್ಡ ಟಿವಿ ಇದೆ ಎನ್ನುವವರಿಗೆ ಸ್ವಿಚ್ 2. ಅದರ ಡಾಕ್‌ಗೆ ಹಳೆಯ ಸ್ವಿಚ್‌ನ ಚಾರ್ಜರ್ ಸಾಲುವುದಿಲ್ಲ, ಜೊತೆಗೆ ಬಂದ 60 ವಾಟ್‌ನದ್ದೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಅದು ಇದೆಯೋ ನೋಡಿ. ಹಳೆಯ ಕಂಟ್ರೋಲರ್ ಇದ್ದರೆ ಎಸೆಯಬೇಡಿ. ಪಕ್ಕಕ್ಕೆ ಅಂಟಿಸಲು ಬರದಿದ್ದರೂ ವೈರ್‌ಲೆಸ್ ಆಗಿ ನಡೆಯುತ್ತದೆ. ರಿಂಗ್ ಫಿಟ್ ವ್ಯಾಯಾಮದ ಆಟಕ್ಕಂತೂ ಹಳೆಯದೇ ಬೇಕು.

2017ರದ್ದು? ಟಿವಿಗೆ ಮಾತ್ರ ಹಾಕುವುದಾದರೆ, ಬೆಲೆ ನಿಜಕ್ಕೂ ಕಡಿಮೆ ಇದ್ದರೆ ಸರಿ.

ತಂದ ಮೇಲೆ, ಮಳೆ ಬರುವ ಮುಂಚೆ

ಸ್ವಿಚ್ ಬಳಸುವ ಜಾಗದಲ್ಲಿ ತೇವಾಂಶ 20ರಿಂದ 80 ಶೇಕಡಾ ಒಳಗಿರಲಿ ಎಂದು ಕಂಪನಿ ಹೇಳುತ್ತದೆ. ಜುಲೈನಲ್ಲಿ ಕಾರವಾರದಲ್ಲಿ 80ರ ಕೆಳಗಿನ ತೇವಾಂಶ ಎಲ್ಲಿಂದ ತರುವುದು! ಗೋಡೆಯೇ ಬೆವರುತ್ತದೆ. ಮೇಲೆ ಉಪ್ಪುಗಾಳಿ ಬೇರೆ. ಕಿಟಕಿಯ ಹತ್ತಿರ, ಸಮುದ್ರದ ಕಡೆಯ ಜಗಲಿಯಲ್ಲಿ ಇಡಬೇಡಿ. ಚಾರ್ಜಿಂಗ್ ತೂತಿನ ಪಿನ್ನಿಗೆ ಹಸಿರು ಹಿಡಿದರೆ ಆಮೇಲೆ ಕಷ್ಟ. ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಆನ್ ಮಾಡಬೇಡಿ, ಮೇಲೆ ಕೂತ ಹನಿ ಆರಲಿ. ಅಕಸ್ಮಾತ್ ಒದ್ದೆಯಾದರೆ ಅಕ್ಕಿ ಡಬ್ಬಕ್ಕೆ ಹಾಕುವುದೂ ಬೇಡ. ನೀರು ಎಳೆಯುವುದಕ್ಕಿಂತ ಅಕ್ಕಿಯ ಹುಡಿ ತೂತಿಗೆ ಹೋಗುವುದೇ ಜಾಸ್ತಿ. ಪರೀಕ್ಷೆ ಎಂದು ಎತ್ತಿಟ್ಟರೂ ಆರು ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಬೇಕು, ಇಲ್ಲದಿದ್ದರೆ ಬ್ಯಾಟರಿ ಮತ್ತೆ ಏಳದೆ ಹೋಗಬಹುದು.

ಇಡಲು ಗಾಳಿಯಾಡದ ಡಬ್ಬ ಬೇಕು, ಜೊತೆಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ. ನಮ್ಮ ಅಳಿಯ ಕೊನೆಗೆ ಒಪ್ಪಿದ್ದು 2019ರದ್ದಕ್ಕೆ. ಎಕ್ಸ್‌ಕೆ ಎಂದು ಅವನೇ ಓದಿ ಹೇಳಿದ. ಈಗ ಅದು ಶಿರಸಿಯಲ್ಲಿ, ಅಕ್ಕ ಹಲಸಿನ ಹಪ್ಪಳ ತುಂಬಿಡುವ ದೊಡ್ಡ ಸ್ಟೀಲ್ ಡಬ್ಬದಲ್ಲಿ ಬೆಚ್ಚಗೆ ಕೂತಿದೆ. ಮಳೆಗಾಲದಲ್ಲಿ ಆ ಮನೆಯಲ್ಲಿ ಮೆತ್ತಗಾಗದ ಜಾಗ ಅದೊಂದೇ. ಹಪ್ಪಳ ಎಲ್ಲಿಡಲಿ ಎಂದು ಅಕ್ಕ ವಾರಕ್ಕೊಮ್ಮೆ ನನಗೆ ಫೋನ್ ಮಾಡುತ್ತಾಳೆ.